ದೋಣಿ ಓಡಿದರೂ ಬ್ಯಾಟರಿ ತುಂಬುತ್ತಿಲ್ಲವೇಕೆ?

ಈ ಬಾರಿ ಕೊಡಗಿನಿಂದ ಬಂದ ನಾಲ್ಕು ಪತ್ರಗಳೂ ಎಂಜಿನ್ ಓಡುವಾಗ ಕರೆಂಟ್ ಹುಟ್ಟಿಸುವ ಆಲ್ಟರ್ನೇಟರ್ ಮತ್ತು ಅದರಿಂದ ತುಂಬಬೇಕಾದ ಬ್ಯಾಟರಿಯ ವಿಷಯವನ್ನೇ ಎತ್ತಿವೆ. ಮೊದಲನೆಯ ಪತ್ರದಲ್ಲಿ ಓದುಗರು ಅಳತೆಗಳನ್ನು ತೆಗೆದು ಕಳುಹಿಸಿರುವುದರಿಂದ ಅದಕ್ಕೆ ಹೆಚ್ಚು ಜಾಗ ಕೊಟ್ಟಿದ್ದೇವೆ. ಉಳಿದ ಮೂರಕ್ಕೆ ಉತ್ತರಿಸುವಾಗ ಅಲ್ಲಿ ಹೇಳಿದ್ದನ್ನು ಮತ್ತೆ ಹೇಳಿಲ್ಲ.

ಪ್ರಶ್ನೆ: ಹಾರಂಗಿ ಹಿನ್ನೀರಿನ ದಡದಲ್ಲಿ ನಮ್ಮದೊಂದು ಚಿಕ್ಕ ಹೋಂಸ್ಟೇ ಇದೆ. ಅತಿಥಿಗಳಿಗಾಗಿ ಎರಡು ಸಿಲಿಂಡರಿನ ಡೀಸೆಲ್ ಎಂಜಿನ್ ಇರುವ ಫೈಬರ್ ದೋಣಿ ಇಟ್ಟುಕೊಂಡಿದ್ದೇವೆ. ಎಂಜಿನ್ ಸ್ಟಾರ್ಟ್ ಮಾಡಲು ಒಂದು ಬ್ಯಾಟರಿ ಇದೆ. ದೀಪ, 12 ವೋಲ್ಟಿನ ಫ್ರಿಜ್, ಮೊಬೈಲ್ ಚಾರ್ಜಿಂಗ್ ಮತ್ತು ದೋಣಿಯ ತಳದ ನೀರೆತ್ತುವ ಪಂಪಿಗೆ 150 ಆಂಪಿಯರ್-ಅವರಿನ ಟ್ಯೂಬ್ಯುಲರ್ ಬ್ಯಾಟರಿ ಇನ್ನೊಂದಿದೆ. ಒಂದರ ಚಾರ್ಜನ್ನು ಇನ್ನೊಂದು ಎಳೆದುಕೊಳ್ಳದಂತೆ ನಡುವೆ ಡಯೋಡ್ ಪೆಟ್ಟಿಗೆ ಹಾಕಿಸಿದ್ದೇವೆ. ಆಲ್ಟರ್ನೇಟರ್ 55 ಆಂಪಿಯರಿನದು. ದಿನಕ್ಕೆ ಮೂರು ಗಂಟೆ ದೋಣಿ ಓಡಿದರೆ 165 ಆಂಪಿಯರ್-ಅವರ್ ಆಗುತ್ತದೆ, ಅಂದರೆ ಬ್ಯಾಟರಿ ದಿನವೂ ಪೂರ್ತಿ ತುಂಬಬೇಕು. ಆದರೆ ಬೆಳಿಗ್ಗೆ ನೋಡಿದರೆ ಫ್ರಿಜ್ ನಿಂತಿರುತ್ತದೆ. ಮೊದಲ ಬ್ಯಾಟರಿ ವರ್ಷ ತುಂಬುವ ಮೊದಲೇ ಹಾಳಾಯಿತು, ಎರಡನೆಯದೂ ಅದೇ ದಾರಿಯಲ್ಲಿದೆ. ಸಂಜೆಯ ಓಡಾಟದಲ್ಲಿ ಫ್ರಿಜ್ ಆಫ್ ಮಾಡಿ ಅಳೆದಾಗ ಆಲ್ಟರ್ನೇಟರಿನಲ್ಲಿ 14.2 ವೋಲ್ಟ್, ಟ್ಯೂಬ್ಯುಲರ್ ಬ್ಯಾಟರಿಯಲ್ಲಿ 13.4 ವೋಲ್ಟ್ ಇತ್ತು, ಆ ಬ್ಯಾಟರಿಗೆ ಹೋಗುತ್ತಿದ್ದುದು 8 ಆಂಪಿಯರ್. ಇನ್ನೊಂದು ವಿಚಿತ್ರವೆಂದರೆ, ಬೆಳಿಗ್ಗೆ ಎಂಜಿನ್ ಸ್ಟಾರ್ಟ್ ಆದ ಮೇಲೆ ಒಮ್ಮೆ ಜೋರಾಗಿ ರೇಸ್ ಮಾಡಿದರೆ ಮಾತ್ರ ಚಾರ್ಜ್ ಶುರುವಾಗುತ್ತದೆ. 120 ಆಂಪಿಯರಿನ ಆಲ್ಟರ್ನೇಟರ್ ಹಾಕಿಸಿ ಎಂದು ಮೆಕ್ಯಾನಿಕ್ ಹೇಳುತ್ತಿದ್ದಾರೆ. ಹಾಕಿಸಬಹುದೇ?
– ಒಬ್ಬ ಓದುಗರು, ಸುಂಟಿಕೊಪ್ಪ

ಉತ್ತರ: ಸದ್ಯಕ್ಕೆ ಬೇಡ. ನಿಮ್ಮ ತೊಂದರೆ ಆಲ್ಟರ್ನೇಟರಿನ ಗಾತ್ರದಲ್ಲಿಲ್ಲ ಎಂಬುದನ್ನು ನೀವು ಬರೆದಿರುವ ಅಂಕಿಗಳೇ ಹೇಳುತ್ತಿವೆ.

ಮೊದಲು 55 ಆಂಪಿಯರ್ ಎಂಬ ಲೆಕ್ಕವನ್ನು ನೋಡೋಣ. ಆಲ್ಟರ್ನೇಟರಿನ ಮೇಲೆ ಬರೆದಿರುವ ಅಂಕಿ, ಅದು ತಣ್ಣಗಿದ್ದು ನಿಮಿಷಕ್ಕೆ 6000 ಸುತ್ತಿನ ಆಸುಪಾಸಿನಲ್ಲಿ ತಿರುಗುವಾಗಿನದು. ಅತಿಥಿಗಳನ್ನು ಕೂರಿಸಿಕೊಂಡು ನೀರು ನೋಡುತ್ತ ನಿಧಾನವಾಗಿ ಹೋಗುವ ದೋಣಿಯ ಎಂಜಿನ್ 1200 ಸುತ್ತಿನಲ್ಲಿ ಓಡುತ್ತಿರುತ್ತದೆ. ಎಂಜಿನ್ನಿನ ಪುಲ್ಲಿ ಆಲ್ಟರ್ನೇಟರಿನ ಪುಲ್ಲಿಗಿಂತ ಎರಡು ಪಟ್ಟು ದೊಡ್ಡದಿದ್ದರೆ ಆಲ್ಟರ್ನೇಟರಿಗೆ ಸಿಗುವುದು 2400 ಸುತ್ತು ಮಾತ್ರ. ಆ ವೇಗದಲ್ಲಿ ಅದು ಅರ್ಧದಷ್ಟನ್ನೋ ಅದಕ್ಕಿಂತ ಸ್ವಲ್ಪ ಹೆಚ್ಚನ್ನೋ ಕೊಟ್ಟೀತು, ಮುಚ್ಚಿದ ಎಂಜಿನ್ ಪೆಟ್ಟಿಗೆಯೊಳಗೆ ಬಿಸಿಯಾದ ಮೇಲೆ ಇನ್ನೂ ಕಡಿಮೆ. ಹಾಗಾಗಿ ನಿಮ್ಮಲ್ಲಿ ನಿಜವಾಗಿ ಸಿಗಬಹುದಾದದ್ದು 30 ಆಂಪಿಯರಿನ ಸುತ್ತಮುತ್ತ ಎಂದಿಟ್ಟುಕೊಳ್ಳಿ.

ಆದರೆ ನೀವು ಕಂಡದ್ದು 30 ಆಂಪಿಯರ್ ಅಲ್ಲ, 8. ಎಷ್ಟು ಕರೆಂಟ್ ಒಳಗೆ ಹೋಗಬೇಕೆಂದು ನಿರ್ಧರಿಸುವುದು ಬ್ಯಾಟರಿ. ಅದರ ಟರ್ಮಿನಲ್ಲುಗಳ ಮೇಲೆ ಎಷ್ಟು ವೋಲ್ಟ್ ನಿಂತಿದೆ ಎಂಬುದರ ಮೇಲೆ ಆ ನಿರ್ಧಾರ ಆಗುತ್ತದೆ. ನಿಮ್ಮ ಟ್ಯೂಬ್ಯುಲರಿನಂಥ, ನೀರು ಹಾಕುವ ಸೀಸ-ಆಮ್ಲದ ಬ್ಯಾಟರಿಯನ್ನು ಮೂರು ಗಂಟೆಯೊಳಗೆ ಚೆನ್ನಾಗಿ ಚಾರ್ಜ್ ಮಾಡಬೇಕಾದರೆ ಅದರ ಮೇಲೆಯೇ ಸುಮಾರು 14.4 ವೋಲ್ಟ್ ಇರಬೇಕು. 13.4 ವೋಲ್ಟ್ ಎಂಬುದು ಈಗಾಗಲೇ ತುಂಬಿದ ಬ್ಯಾಟರಿಯನ್ನು ಹಾಗೆಯೇ ಕಾಯ್ದುಕೊಳ್ಳಲು ಸಾಕಾಗುವ ಒತ್ತಡ. ಅರ್ಧ ಖಾಲಿಯಾದ ಬ್ಯಾಟರಿಯನ್ನು ಅದರಿಂದ ತುಂಬಿಸಲು ಹೊರಟರೆ ದಿನಗಟ್ಟಲೆ ಬೇಕು. ನಿಮ್ಮ ಫ್ರಿಜ್ ಓಡುವಾಗ 4 ಆಂಪಿಯರ್ ಎಳೆಯುತ್ತದೆ, ಅರ್ಧ ಹೊತ್ತು ಓಡುತ್ತದೆ ಎಂದುಕೊಂಡರೂ ದಿನಕ್ಕೆ 48 ಆಂಪಿಯರ್-ಅವರ್ ಆಯಿತು. ದೀಪ, ಪಂಪು, ಅತಿಥಿಗಳ ಮೊಬೈಲುಗಳೆಲ್ಲ ಸೇರಿ 60. ಮೂರು ಗಂಟೆ 8 ಆಂಪಿಯರಿನಂತೆ ಬಂದರೆ 24. ಈ ಅಂತರ ಪ್ರತಿದಿನವೂ ಬೆಳೆಯುತ್ತ ಹೋಗುವುದರಿಂದ ಬೆಳಿಗ್ಗೆ ಫ್ರಿಜ್ ನಿಂತಿರುವುದರಲ್ಲಿ ಆಶ್ಚರ್ಯವೇನೂ ಇಲ್ಲ.

ಹಾಗಾದರೆ 14.2ರಿಂದ 13.4ಕ್ಕೆ ಇಳಿಯುವಾಗ ಕಳೆದುಹೋದ 0.8 ವೋಲ್ಟ್ ಎಲ್ಲಿಗೆ ಹೋಯಿತು? ಅದರ ಬಹುಪಾಲನ್ನು ಡಯೋಡ್ ಪೆಟ್ಟಿಗೆ ನುಂಗುತ್ತಿದೆ. ಸಾಮಾನ್ಯ ಸಿಲಿಕಾನ್ ಡಯೋಡಿನಲ್ಲಿ ಕರೆಂಟ್ ಹರಿಯುವಾಗ 0.6ರಿಂದ 0.7 ವೋಲ್ಟ್ ಬಿದ್ದೇ ಬೀಳುತ್ತದೆ, ಎಷ್ಟು ದುಬಾರಿಯದಾದರೂ ಅದರ ಸ್ವಭಾವ ಅದೇ. ಉಳಿದ ಸ್ವಲ್ಪ ಭಾಗ ಕೇಬಲಿನದು. ಕೇಬಲ್ ಎಷ್ಟು ದಪ್ಪದ್ದೆಂದು ನೀವು ಬರೆದಿಲ್ಲ. ಅದು ಅಂಗಡಿಗಳಲ್ಲಿ ಸುಲಭವಾಗಿ ಸಿಗುವ 6 ಚದರ ಮಿಲಿಮೀಟರಿನ ತಂತಿಯಾಗಿದ್ದು, ಎಂಜಿನ್ನಿನಿಂದ ಬ್ಯಾಟರಿಗೆ 4 ಮೀಟರ್ ದೂರವಿದೆ ಎನ್ನೋಣ. ಹೋಗುವ ತಂತಿಯ ಜೊತೆಗೆ ಬರುವ ತಂತಿಯನ್ನೂ ಲೆಕ್ಕಕ್ಕೆ ಹಿಡಿಯಬೇಕಾದ್ದರಿಂದ ಒಟ್ಟು 8 ಮೀಟರ್ ತಾಮ್ರ. 8 ಆಂಪಿಯರಿಗೆ ಅದರಲ್ಲಿ ಕಳೆಯುವುದು ಸುಮಾರು 0.2 ವೋಲ್ಟ್. ಇವೆರಡನ್ನೂ ಕೂಡಿದರೆ ನಿಮ್ಮ ಮೀಟರ್ ತೋರಿಸಿದ 0.8 ಸರಿಯಾಗಿ ಬರುತ್ತದೆ. ಅದೇ ತಂತಿಯಲ್ಲಿ 25 ಆಂಪಿಯರ್ ಹರಿಸಿದರೆ ಕೇಬಲಿನ ನಷ್ಟವೊಂದೇ ಅರ್ಧ ವೋಲ್ಟನ್ನು ಮೀರುತ್ತದೆ. 120 ಆಂಪಿಯರಿನ ಆಲ್ಟರ್ನೇಟರ್ ತಂದು ಇದೇ ಡಯೋಡಿನ, ಇದೇ ತಂತಿಯ ಹಿಂದೆ ಕೂರಿಸಿದರೆ ಬ್ಯಾಟರಿಯ ಮೇಲೆ ಆಗಲೂ 13.4 ವೋಲ್ಟೇ ಕಾಣುತ್ತದೆ.

ಆದ್ದರಿಂದ ಮಾಡಬೇಕಾದದ್ದು ಇಷ್ಟು. ಡಯೋಡ್ ಪೆಟ್ಟಿಗೆಯನ್ನು ತೆಗೆಸಿ, ಅದರ ಜಾಗದಲ್ಲಿ ವೋಲ್ಟೇಜ್ ನೋಡಿಕೊಂಡು ತಾನೇ ಜೋಡಿಸುವ ರಿಲೇ ಹಾಕಿಸಿ. ಎಂಜಿನ್ ಸ್ಟಾರ್ಟ್ ಆಗಿ ಸ್ಟಾರ್ಟರ್ ಬ್ಯಾಟರಿಯ ವೋಲ್ಟೇಜ್ 13.3ರ ಸುಮಾರಿಗೆ ಏರಿದಾಗ ಅದು ಎರಡೂ ಬ್ಯಾಟರಿಗಳನ್ನು ಕೂಡಿಸುತ್ತದೆ. ಎಂಜಿನ್ ನಿಂತು ವೋಲ್ಟೇಜ್ 12.8ಕ್ಕೆ ಇಳಿದಾಗ ಬಿಡಿಸುತ್ತದೆ. ರಾತ್ರಿಯಿಡೀ ಫ್ರಿಜ್ ಓಡಿದರೂ ಸ್ಟಾರ್ಟರ್ ಬ್ಯಾಟರಿಗೆ ತೊಂದರೆಯಾಗಬಾರದೆಂಬ ನಿಮ್ಮ ಉದ್ದೇಶವೂ ಈಡೇರುತ್ತದೆ, ಅದರೊಳಗೆ ಕಳೆಯುವ ವೋಲ್ಟೂ ಲೆಕ್ಕಕ್ಕೆ ಸಿಗದಷ್ಟು ಕಡಿಮೆ. ತಂತಿಯನ್ನು 25 ಚದರ ಮಿಲಿಮೀಟರಿಗೆ ಏರಿಸಿ, ಎರಡು ಬ್ಯಾಟರಿಗಳ ಪಾಸಿಟಿವ್ ಟರ್ಮಿನಲ್ಲಿನ ಹತ್ತಿರವೂ ಒಂದೊಂದು ಫ್ಯೂಸ್ ಹಾಕಿಸಿ. ಫ್ಯೂಸಿಲ್ಲದ ದಪ್ಪ ಕೇಬಲ್ ಎಂಜಿನ್ನಿಗೆ ಉಜ್ಜಿ ಸವೆದರೆ ಫೈಬರ್ ದೋಣಿಗೆ ಬೆಂಕಿ ಹತ್ತಲು ಹೆಚ್ಚು ಹೊತ್ತು ಬೇಕಾಗಿಲ್ಲ. ನೆಗೆಟಿವ್ ಕೇಬಲನ್ನೂ ಅಷ್ಟೇ ದಪ್ಪದ್ದು ಮಾಡಿಸಿ. ಪಾಸಿಟಿವ್ ತಂತಿಯನ್ನು ದಪ್ಪದ್ದು ಹಾಕಿ, ನೆಗೆಟಿವನ್ನು ಎಂಜಿನ್ನಿನ ಬಣ್ಣ ಬಳಿದ ಬೋಲ್ಟೊಂದಕ್ಕೆ ಸಿಕ್ಕಿಸಿ ಬಿಡುವುದು ಬಹಳ ಕಡೆ ನಡೆದು ಬಂದ ಪದ್ಧತಿ. ಆ ಬಣ್ಣವನ್ನು ಕೆರೆಸಿ, ಲೋಹ ಹೊಳೆಯುವ ಹಾಗೆ ಮಾಡಿಸಿ ಬಿಗಿಯಬೇಕು. ಕೆಲಸ ಮುಗಿದ ಮೇಲೆ ಅರ್ಧ ಗಂಟೆ ದೋಣಿ ಓಡಿಸಿ, ಕೇಬಲುಗಳ ತುದಿಯಲ್ಲಿರುವ ಪ್ರತಿಯೊಂದು ಲಗ್ಗನ್ನೂ ಕೈಯಿಂದ ಮುಟ್ಟಿ ನೋಡಿ. ಯಾವುದು ಬಿಸಿಯಾಗಿದೆಯೋ ಅಲ್ಲಿ ಇನ್ನೂ ವೋಲ್ಟ್ ಸೋರುತ್ತಿದೆ ಎಂದು ಅರ್ಥ.

ರೇಸ್ ಮಾಡಿದರೆ ಮಾತ್ರ ಚಾರ್ಜ್ ಶುರುವಾಗುವುದಕ್ಕೆ ಕಾರಣ ಬಹುಶಃ ಡ್ಯಾಶ್‌ಬೋರ್ಡಿನ ಚಾರ್ಜ್ ದೀಪ. ಕೀ ತಿರುಗಿಸಿದಾಗ ಆ ಕೆಂಪು ದೀಪ ಹತ್ತುತ್ತದೆಯೇ ನೋಡಿ. ಅನೇಕ ಆಲ್ಟರ್ನೇಟರುಗಳಿಗೆ ಮೊದಲ ಅಯಸ್ಕಾಂತ ಶಕ್ತಿಯನ್ನು ಎಬ್ಬಿಸುವ ಕರೆಂಟ್ ಹೋಗುವುದು ಆ ಬಲ್ಬಿನ ಮೂಲಕವೇ. ಬಲ್ಬ್ ಸುಟ್ಟಿದ್ದರೆ, ಅಥವಾ ಯಾರೋ ಅದನ್ನು ತೆಗೆದು ಸಣ್ಣ ಎಲ್ಇಡಿ ಹಾಕಿದ್ದರೆ, ಒಳಗೆ ಉಳಿದಿರುವ ಅಲ್ಪಸ್ವಲ್ಪ ಅಯಸ್ಕಾಂತತೆಯಿಂದಲೇ ಅದು ಎಚ್ಚರಗೊಳ್ಳಬೇಕಾಗುತ್ತದೆ, ಅದಕ್ಕೆ ಹೆಚ್ಚಿನ ಸುತ್ತು ಬೇಕು. ಕೆಲವೇ ರೂಪಾಯಿಯ ಬಲ್ಬಿನಿಂದ ಸರಿಹೋಗುವ ವಿಷಯವಿದು. ನೀವು ರೇಸ್ ಮಾಡಲು ಮರೆತ ದಿನಗಳಲ್ಲಿ ಚಾರ್ಜೇ ಆಗಿರಲಿಕ್ಕಿಲ್ಲ.

ಇಷ್ಟೆಲ್ಲ ಮಾಡಿದ ಮೇಲೂ ಆಲ್ಟರ್ನೇಟರ್ ನಿಮ್ಮ ಬ್ಯಾಟರಿಯನ್ನು ದಿನವೂ ನೂರಕ್ಕೆ ನೂರು ತುಂಬಿಸುವುದಿಲ್ಲ ಎಂಬುದನ್ನು ಮೊದಲೇ ತಿಳಿದಿರುವುದು ಒಳ್ಳೆಯದು. ಕಾಫಿ ಚೀಲ ತುಂಬುವಾಗ ಮುಕ್ಕಾಲು ಭಾಗ ಸರಸರನೆ ತುಂಬಿ, ಕೊನೆಯ ಪಾಲನ್ನು ಕುಲುಕಿ ಕುಲುಕಿ ಇಳಿಸಬೇಕಾಗುತ್ತದಲ್ಲ, ಸೀಸದ ಬ್ಯಾಟರಿಯ ಗುಣವೂ ಅಂಥದ್ದೇ. ಶೇ 80ರವರೆಗೆ ಅದು ಕೊಟ್ಟಷ್ಟು ಕರೆಂಟನ್ನು ಬಹುಮಟ್ಟಿಗೆ ತೆಗೆದುಕೊಳ್ಳುತ್ತದೆ. ಆಮೇಲೆ ವೋಲ್ಟೇಜ್ 14.4ರಲ್ಲೇ ನಿಂತಿದ್ದರೂ ಒಳಗೆ ಹೋಗುವ ಕರೆಂಟ್ ಇಳಿಯುತ್ತ ಬರುತ್ತದೆ, ಕೊನೆಯ ಐದನೇ ಒಂದು ಭಾಗಕ್ಕೆ ನಾಲ್ಕೈದು ಗಂಟೆಗಿಂತಲೂ ಹೆಚ್ಚು ಹಿಡಿಯುತ್ತದೆ. 150 ಆಂಪಿಯರ್-ಅವರಿನ ಬ್ಯಾಟರಿಗೆ ಹೋಗುವ ಕರೆಂಟ್ 2 ಅಥವಾ 3 ಆಂಪಿಯರಿಗೆ ಇಳಿದಾಗ ಮಾತ್ರ ತುಂಬಿತೆಂದು ಹೇಳಬಹುದು. ಆ ಕೊನೆಯ ಭಾಗಕ್ಕೆ ಬೇಕಾದದ್ದು ಕಾಲಾವಕಾಶ. ಎಷ್ಟು ದೊಡ್ಡ ಆಲ್ಟರ್ನೇಟರೂ ಅದನ್ನು ಕಡಿಮೆ ಮಾಡಲಾರದು. ಹಾಗೆಂದು ದಡಕ್ಕೆ ಕಟ್ಟಿದ ದೋಣಿಯ ಎಂಜಿನ್ನನ್ನು ಅದಕ್ಕಾಗಿಯೇ ಗಂಟೆಗಟ್ಟಲೆ ಐಡಲ್‌ನಲ್ಲಿ ಓಡಿಸಬೇಡಿ. ಭಾರವಿಲ್ಲದೆ ಓಡುವ ಡೀಸೆಲ್ ಎಂಜಿನ್ ಸರಿಯಾಗಿ ಬಿಸಿಯಾಗದೆ ಒಳಗೆ ಮಸಿ ಕಟ್ಟಿಕೊಳ್ಳುತ್ತದೆ, ಸಿಲಿಂಡರಿನ ಗೋಡೆ ನುಣುಪಾಗಿ ಆಯಿಲ್ ಕುಡಿಯಲು ಶುರುಮಾಡುತ್ತದೆ.

ನಿಮ್ಮ ಮೊದಲ ಬ್ಯಾಟರಿ ಬೇಗ ಸತ್ತದ್ದಕ್ಕೆ ಕಾರಣವೂ ಇಲ್ಲೇ ಇದೆ. ಅರ್ಧ ತುಂಬಿ ಅರ್ಧ ಖಾಲಿಯಾಗುತ್ತ ತಿಂಗಳುಗಟ್ಟಲೆ ಕಳೆದ ಬ್ಯಾಟರಿಯ ತಟ್ಟೆಗಳ ಮೇಲೆ ಸೀಸದ ಸಲ್ಫೇಟ್ ಗಟ್ಟಿ ಹರಳಾಗಿ ಕೂರುತ್ತದೆ. ಹರಳು ಗಟ್ಟಿಯಾದಷ್ಟೂ ಸಾಮರ್ಥ್ಯ ಕುಗ್ಗುತ್ತದೆ. ಅದನ್ನು ತಡೆಯಲು ವಾರಕ್ಕೊಮ್ಮೆಯಾದರೂ ಬ್ಯಾಟರಿಯನ್ನು ಸಂಪೂರ್ಣ ತುಂಬಿಸಬೇಕು. ದೋಣಿ ಕಟ್ಟುವ ಜಾಗಕ್ಕೆ ಕರೆಂಟ್ ಎಳೆಯಬಹುದಾದರೆ 15 ಆಂಪಿಯರಿನ ಒಳ್ಳೆಯ ಚಾರ್ಜರನ್ನು ರಾತ್ರಿಯಿಡೀ ಹಾಕಿಡಿ. ನೀರಿನ ಪಕ್ಕದ ಲೈನ್ ಆದ್ದರಿಂದ ಶಾಕ್ ತಡೆಯುವ ಆರ್‌ಸಿಸಿಬಿ ಇಲ್ಲದೆ ಎಳೆಯಬಾರದು. ಕರೆಂಟ್ ಇಲ್ಲವಾದರೆ ದೋಣಿಯ ಚಾವಣಿಯ ಮೇಲೆ 150ರಿಂದ 200 ವ್ಯಾಟಿನ ಸೌರ ಫಲಕ ಹಾಕಿಸಿ. ಬೆಳಗಿನ ಓಡಾಟದಲ್ಲಿ ಆಲ್ಟರ್ನೇಟರ್ ಮುಕ್ಕಾಲು ಪಾಲು ತುಂಬಿಸಿ ಬಿಟ್ಟದ್ದನ್ನು ಹಗಲಿಡೀ ನಿಧಾನವಾಗಿ ಮುಗಿಸುವ ಕೆಲಸಕ್ಕೆ ಅದರಷ್ಟು ಹೊಂದುವುದು ಬೇರೊಂದಿಲ್ಲ. ಜೂನಿನಿಂದ ಸೆಪ್ಟೆಂಬರಿನವರೆಗೆ ಕೊಡಗಿನಲ್ಲಿ ಸೂರ್ಯನನ್ನು ನಂಬುವಂತಿಲ್ಲ ನಿಜ, ಆದರೆ ಆ ತಿಂಗಳುಗಳಲ್ಲಿ ದೋಣಿಗೂ ಹೆಚ್ಚು ಕೆಲಸವಿರಲಾರದು. ಬ್ಯಾಟರಿಯನ್ನು ಬಿಚ್ಚಿ ಮನೆಗೆ ತಂದು ಚಾರ್ಜರಿಗೆ ಹಾಕಿಡಿ.

ಈಗಿರುವ ಎರಡನೆಯ ಬ್ಯಾಟರಿಯ ಸ್ಥಿತಿ ತಿಳಿಯಲು ಅದನ್ನು ಅಂಗಡಿಯಲ್ಲಿ ಕಡಿಮೆ ಕರೆಂಟಿನಲ್ಲಿ ಒಂದು ದಿನ ಪೂರ್ತಿ ಚಾರ್ಜ್ ಮಾಡಿಸಿ, ಹೈಡ್ರೋಮೀಟರಿನಲ್ಲಿ ಆರೂ ಸೆಲ್ಲುಗಳನ್ನು ನೋಡಿಸಿ. ಟ್ಯೂಬ್ಯುಲರ್ ಬ್ಯಾಟರಿಯಲ್ಲಿ ಆಮ್ಲದ ಸಾಂದ್ರತೆ ಸಾಮಾನ್ಯವಾಗಿ 1.240ರ ಆಸುಪಾಸಿಗೆ ಬರಬೇಕು. ಒಂದೇ ಸೆಲ್ ಉಳಿದವುಗಳಿಗಿಂತ 0.050ರಷ್ಟು ಕೆಳಗೆ ನಿಂತರೆ ಅದರ ಮೇಲೆ ಇನ್ನು ಹಣ ಹಾಕಬೇಡಿ. ಎಲ್ಲವೂ ಸಮನಾಗಿ ಸ್ವಲ್ಪ ಕೆಳಗಿದ್ದರೆ ಇನ್ನೂ ಉಳಿಸಿಕೊಳ್ಳಬಹುದು.

ಕೊನೆಗೆ, ಆ 120 ಆಂಪಿಯರಿನ ವಿಷಯ. 100 ಆಂಪಿಯರನ್ನು 14 ವೋಲ್ಟಿನಲ್ಲಿ ಕೊಡುವುದೆಂದರೆ 1400 ವ್ಯಾಟ್. ಆಲ್ಟರ್ನೇಟರ್ ತಾನು ಪಡೆದ ಶಕ್ತಿಯ ಅರ್ಧಕ್ಕಿಂತ ಸ್ವಲ್ಪ ಹೆಚ್ಚನ್ನು ಮಾತ್ರ ಕರೆಂಟಾಗಿ ಮಾಡುವುದರಿಂದ ಎಂಜಿನ್ನಿನಿಂದ ಅದು ಮೂರೂವರೆ ಅಶ್ವಶಕ್ತಿಯಷ್ಟನ್ನು ಕಿತ್ತುಕೊಳ್ಳುತ್ತದೆ. ನಿಧಾನ ವೇಗದಲ್ಲಿ ಓಡುವ ಎರಡು ಸಿಲಿಂಡರಿನ ಎಂಜಿನ್ನಿಗೆ ಅದು ಸಣ್ಣ ಭಾರವಲ್ಲ. ಒಂದೇ ಒಂದು ಸಪೂರ ಬೆಲ್ಟ್ ಅದನ್ನು ತಾಳುವುದೂ ಇಲ್ಲ, ಪುಲ್ಲಿಯ ಸುತ್ತ ಕಪ್ಪು ರಬ್ಬರ್ ಪುಡಿ ಉದುರತೊಡಗುತ್ತದೆ. ನಿಮ್ಮ ಬ್ಯಾಟರಿ ಅರ್ಧ ಖಾಲಿಯಾಗಿದ್ದಾಗಲೂ ಎಳೆದುಕೊಳ್ಳುವುದು ತನ್ನ ಸಾಮರ್ಥ್ಯದ ಐದನೇ ಒಂದು ಭಾಗದಷ್ಟು, ಅಂದರೆ 30 ಆಂಪಿಯರ್. ಅಷ್ಟನ್ನು ಈಗಿನ ಆಲ್ಟರ್ನೇಟರ್ ಕೊಡಬಲ್ಲದು.

ಪ್ರಶ್ನೆ: ನಮ್ಮ ಚಿಕ್ಕ ದೋಣಿಗೆ 9.9 ಅಶ್ವಶಕ್ತಿಯ ಪೆಟ್ರೋಲ್ ಔಟ್‌ಬೋರ್ಡ್ ಮೋಟಾರ್ ಇದೆ. ಅದರಿಂದ 100 ಆಂಪಿಯರ್-ಅವರಿನ ಬ್ಯಾಟರಿ ಚಾರ್ಜ್ ಮಾಡಿ ರಾತ್ರಿ ದೀಪ ಉರಿಸಬಹುದೇ?
– ಒಬ್ಬ ಓದುಗರು, ಕುಶಾಲನಗರ

ಉತ್ತರ: ದೀಪಕ್ಕೆ ಸಾಕು, ಅದಕ್ಕಿಂತ ಹೆಚ್ಚಿಗೆ ನಂಬಬೇಡಿ. ಇಂಥ ಸಣ್ಣ ಮೋಟಾರುಗಳಲ್ಲಿ ಕಾರಿನಲ್ಲಿರುವಂಥ ಆಲ್ಟರ್ನೇಟರ್ ಇರುವುದಿಲ್ಲ. ಫ್ಲೈವೀಲಿನ ಕೆಳಗೆ ಒಂದು ಕಾಯಿಲ್ ಇರುತ್ತದೆ, ಪೂರ್ತಿ ವೇಗದಲ್ಲಿ ಅದು ಕೊಡುವುದು 6ರಿಂದ 12 ಆಂಪಿಯರ್, ನಿಧಾನವಾಗಿ ಹೋಗುವಾಗ ಹೆಸರಿಗೆ ಮಾತ್ರ. ಹಗ್ಗ ಎಳೆದು ಸ್ಟಾರ್ಟ್ ಮಾಡುವ ಮಾದರಿಯಾಗಿದ್ದರೆ ಚಾರ್ಜಿಂಗ್ ವ್ಯವಸ್ಥೆಯೇ ಇಲ್ಲದಿರಬಹುದು. ಹಳೆಯ ಮೋಟಾರುಗಳಲ್ಲಿ ರೆಗ್ಯುಲೇಟರ್ ಇರುವುದಿಲ್ಲವಾದ್ದರಿಂದ ಜೋರಾಗಿ ಓಡುವಾಗ ಬ್ಯಾಟರಿಯ ಮೇಲೆ ವೋಲ್ಟೇಜ್ 15ನ್ನು ದಾಟುತ್ತದೆಯೇ ಎಂದು ಒಮ್ಮೆ ನೋಡಿಕೊಳ್ಳಿ. ದಾಟಿದರೆ ನೀರು ಬೇಗ ಇಂಗುತ್ತದೆ, ಎಲ್ಇಡಿ ದೀಪಗಳು ಹೋಗುತ್ತವೆ.

ಪ್ರಶ್ನೆ: ಆಲಪ್ಪುಳದಲ್ಲಿ ನಮ್ಮ ಸಂಬಂಧಿಕರ ಹೌಸ್‌ಬೋಟ್ ಇದೆ. ಹಳೆಯ ಸೀಸದ ಬ್ಯಾಟರಿಗಳನ್ನು ತೆಗೆದು ಲಿಥಿಯಂ ಹಾಕಿಸಬೇಕೆಂದಿದ್ದಾರೆ. ಎಂಜಿನ್ನಿನ ಆಲ್ಟರ್ನೇಟರಿಗೆ ನೇರವಾಗಿ ಜೋಡಿಸಬಹುದು ಎಂದು ಮಾರುವವರು ಹೇಳುತ್ತಾರೆ. ನಿಮ್ಮ ಅಭಿಪ್ರಾಯವೇನು?
– ಒಬ್ಬ ಓದುಗರು, ಗೋಣಿಕೊಪ್ಪಲು

ಉತ್ತರ: ನೇರವಾಗಿ ಜೋಡಿಸಬಾರದು. ಸುಂಟಿಕೊಪ್ಪದವರ ಬ್ಯಾಟರಿ ಸಾಕಷ್ಟು ಎಳೆದುಕೊಳ್ಳುತ್ತಿಲ್ಲ ಎಂಬುದು ಅವರ ಸಮಸ್ಯೆಯಾದರೆ, ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಯ ಸಮಸ್ಯೆ ಅದರ ತದ್ವಿರುದ್ಧ. ಅದರ ಒಳ ಪ್ರತಿರೋಧ ತೀರಾ ಕಡಿಮೆಯಾದ್ದರಿಂದ ಬಹುತೇಕ ತುಂಬುವವರೆಗೂ ಆಲ್ಟರ್ನೇಟರ್ ಕೊಡಬಲ್ಲಷ್ಟನ್ನೂ ಎಳೆಯುತ್ತಲೇ ಇರುತ್ತದೆ. ಕಾರಿನ ಮಾದರಿಯ ಆಲ್ಟರ್ನೇಟರ್ ಗಂಟೆಗಟ್ಟಲೆ ಪೂರ್ಣ ಭಾರ ಹೊರಲೆಂದು ಮಾಡಿದ್ದಲ್ಲ. ಅದರಲ್ಲೂ ಹೌಸ್‌ಬೋಟ್ ತೆವಳುವ ವೇಗದಲ್ಲಿ ಅದರ ಫ್ಯಾನೂ ನಿಧಾನವಾಗಿ ತಿರುಗುವುದರಿಂದ ಕಾಯಿಲ್ ಸುಡುವ ಸಂಭವ ಹೆಚ್ಚು.

ಎರಡನೆಯ ಅಪಾಯ ಕಣ್ಣಿಗೆ ಕಾಣುವಂಥದ್ದಲ್ಲ. ಲಿಥಿಯಂ ಬ್ಯಾಟರಿಯೊಳಗಿನ ಬಿಎಂಎಸ್ ಎಂಬ ಕಾವಲು ಸರ್ಕ್ಯೂಟ್, ಯಾವುದಾದರೂ ಸೆಲ್ಲಿನ ವೋಲ್ಟೇಜ್ ಮಿತಿ ಮೀರಿದರೆ ಯಾರನ್ನೂ ಕೇಳದೆ ಸಂಪರ್ಕ ಕಡಿಯುತ್ತದೆ. ಹಾಗೆ ಕಡಿದ ಕ್ಷಣದಲ್ಲಿ ಆಲ್ಟರ್ನೇಟರಿನ ಕರೆಂಟಿಗೆ ಹೋಗಲು ಜಾಗವಿಲ್ಲದೆ ವೋಲ್ಟೇಜ್ ಒಮ್ಮೆಲೇ ನೆಗೆದು ಅದರ ಡಯೋಡುಗಳನ್ನೂ, ಆ ಹೊತ್ತಿಗೆ ಆನ್ ಆಗಿರುವ ಉಪಕರಣಗಳನ್ನೂ ಸುಡಬಹುದು. ಎಂಜಿನ್ ಓಡುವಾಗ ಬ್ಯಾಟರಿಯ ಮುಖ್ಯ ಸ್ವಿಚ್ ತಿರುಗಿಸಬಾರದು ಎಂದು ದೋಣಿಯವರು ಹೇಳುವುದೂ ಇದೇ ಕಾರಣಕ್ಕೆ.

ಸರಿಯಾದ ದಾರಿಯೆಂದರೆ, ಆಲ್ಟರ್ನೇಟರನ್ನು ಸೀಸದ ಸ್ಟಾರ್ಟರ್ ಬ್ಯಾಟರಿಗೇ ಜೋಡಿಸಿಟ್ಟು, ಅಲ್ಲಿಂದ ಲಿಥಿಯಂಗೆ ಡಿಸಿ-ಡಿಸಿ ಚಾರ್ಜರ್ ಮೂಲಕ ಕರೆಂಟ್ ಕೊಡುವುದು. 30 ಆಂಪಿಯರಿನದಾದರೆ ಅದು 30ಕ್ಕಿಂತ ಹೆಚ್ಚು ಕೊಡುವುದಿಲ್ಲ, ಬಿಎಂಎಸ್ ಕಡಿದರೂ ಆಲ್ಟರ್ನೇಟರಿಗೆ ಸೀಸದ ಬ್ಯಾಟರಿಯ ಆಸರೆ ಉಳಿದಿರುತ್ತದೆ. ಹೀಗೆ ಮಾಡಿದರೆ, ಸ್ವಲ್ಪ ಹೊತ್ತು ಮಾತ್ರ ಎಂಜಿನ್ ಓಡುವ ದೋಣಿಗಳಿಗೆ ಲಿಥಿಯಂ ನಿಜಕ್ಕೂ ಅನುಕೂಲ. ಅದಕ್ಕೆ ಕೊನೆಯ ಐದನೇ ಒಂದು ಭಾಗದ ತಕರಾರಿಲ್ಲ. ಅರ್ಧ ತುಂಬಿದ ಸ್ಥಿತಿಯಲ್ಲಿ ವಾರಗಟ್ಟಲೆ ಇಟ್ಟರೂ ಕೆಡುವುದಿಲ್ಲ. ಬೆಲೆಯನ್ನು ಮಾತ್ರ ಡಿಸಿ-ಡಿಸಿ ಚಾರ್ಜರನ್ನೂ ಸೇರಿಸಿಯೇ ಹೋಲಿಸಿ ನೋಡಲು ಅವರಿಗೆ ಹೇಳಿ.

ಪ್ರಶ್ನೆ: ನಮ್ಮಲ್ಲಿ ದೋಣಿಯಿಲ್ಲ, ಜೀಪಿದೆ. ಮಳೆಗಾಲದಲ್ಲಿ ಮರ ಬಿದ್ದು ಎರಡು ಮೂರು ದಿನ ಕರೆಂಟ್ ಬಾರದಿದ್ದಾಗ ಜೀಪಿನ ಎಂಜಿನ್ ಓಡಿಸಿ ಮನೆಯ ಇನ್ವರ್ಟರ್ ಬ್ಯಾಟರಿ ಚಾರ್ಜ್ ಮಾಡಬಹುದೇ?
– ಒಬ್ಬ ಓದುಗರು, ಸೋಮವಾರಪೇಟೆ

ಉತ್ತರ: ಮನೆಯಲ್ಲಿರುವುದು 12 ವೋಲ್ಟಿನ ಒಂದೇ ಬ್ಯಾಟರಿಯಾದರೆ ಮಾಡಬಹುದು. ಎರಡು ಬ್ಯಾಟರಿಗಳನ್ನು ಸಾಲಾಗಿ ಜೋಡಿಸಿದ 24 ವೋಲ್ಟಿನ ಇನ್ವರ್ಟರಾದರೆ ಎಲೆಕ್ಟ್ರಿಷಿಯನ್ ಇಲ್ಲದೆ ಅದಕ್ಕೆ ಕೈ ಹಾಕಬೇಡಿ.

ಸಿಗುವುದೆಷ್ಟು ಎಂಬುದನ್ನು ಮೊದಲೇ ಲೆಕ್ಕ ಹಾಕಿಕೊಂಡರೆ ನಿರಾಶೆಯಾಗುವುದಿಲ್ಲ. ಐಡಲ್‌ಗಿಂತ ಸ್ವಲ್ಪ ಮೇಲಿನ ವೇಗದಲ್ಲಿ, ದಪ್ಪ ಜಂಪರ್ ಕೇಬಲಿನ ಮೂಲಕ 25 ಆಂಪಿಯರ್ ಹೋಯಿತೆನ್ನಿ. ಅರ್ಧ ಗಂಟೆಗೆ 12 ಆಂಪಿಯರ್-ಅವರ್, ನಷ್ಟಗಳನ್ನು ಕಳೆದರೆ ಸುಮಾರು 110 ವ್ಯಾಟ್-ಅವರ್. 9 ವ್ಯಾಟಿನ ಐದು ಎಲ್ಇಡಿ ಬಲ್ಬುಗಳಿಗೆ ಎರಡು ಗಂಟೆಯ ಮೇಲೆ ಸ್ವಲ್ಪ ಬರುತ್ತದೆ. ಊಟದ ಹೊತ್ತಿಗೆ, ಮೊಬೈಲಿಗೆ ಸಾಕು. ಟಿವಿಗೂ ಫ್ರಿಜ್ಜಿಗೂ ಈ ದಾರಿ ಹಿಡಿದರೆ ಡೀಸೆಲಿನ ಖರ್ಚು ತಡೆಯಲಾಗುವುದಿಲ್ಲ. ಪೇಟೆಗೆ ಹೋಗಿಬರುವ ಕೆಲಸ ಹೇಗೂ ಇದ್ದರೆ ಬ್ಯಾಟರಿಯನ್ನು ಜೀಪಿನ ಹಿಂಬದಿಯಲ್ಲಿ ಅಲುಗದಂತೆ ಕಟ್ಟಿ, ಫ್ಯೂಸ್ ಹಾಕಿದ ಕೇಬಲಿನಿಂದ ಜೋಡಿಸಿಕೊಂಡು ಹೋಗುವುದು ಮೇಲು, ಏಕೆಂದರೆ ರಸ್ತೆಯ ಮೇಲೆ ಎಂಜಿನ್ನಿನ ಸುತ್ತು ಹೆಚ್ಚಿರುತ್ತದೆ. ನೀರಿನ ಬ್ಯಾಟರಿಯಾದ್ದರಿಂದ ಘಾಟಿಯ ತಿರುವುಗಳಲ್ಲಿ ಆಮ್ಲ ಚೆಲ್ಲದಂತೆ ಅಡಿಗೆ ಪ್ಲಾಸ್ಟಿಕ್ ಟ್ರೇ ಇಡಿ, ಗಾಳಿಯಾಡುವಂತೆ ಹುಡ್ಡಿನ ಪರದೆಯನ್ನು ಒಂದು ಕಡೆ ಎತ್ತಿ ಕಟ್ಟಿ.

ಮನೆಯ ಹತ್ತಿರವೇ ಜೋಡಿಸುವುದಾದರೆ ಮೊದಲು ಇನ್ವರ್ಟರ್ ಆಫ್ ಮಾಡಿ. ಜೀಪಿನ ಎಂಜಿನ್ ನಿಂತಿರುವಾಗಲೇ ಪಾಸಿಟಿವಿಗೆ ಪಾಸಿಟಿವ್ ಜೋಡಿಸಿ. ಆಮೇಲೆ ನೆಗೆಟಿವ್ ಕೇಬಲಿನ ಒಂದು ತುದಿಯನ್ನು ಮನೆಯ ಬ್ಯಾಟರಿಗೆ, ಕೊನೆಯ ತುದಿಯನ್ನು ಜೀಪಿನ ಬ್ಯಾಟರಿಯಿಂದ ದೂರ ಚಾಸಿಯ ಬರಿಯ ಲೋಹಕ್ಕೆ ಹಾಕಿ. ಕೊನೆಯ ಜೋಡಣೆಯಲ್ಲಿ ಕಿಡಿ ಹಾರುವುದುಂಟು, ಚಾರ್ಜ್ ಆಗುವ ಬ್ಯಾಟರಿಯಿಂದ ಹೊರಬರುವ ಹೈಡ್ರೋಜನ್ ಗಾಳಿಯಲ್ಲಿ ಶೇ 4ರಷ್ಟು ಸೇರಿದರೂ ಹೊತ್ತಿಕೊಳ್ಳುತ್ತದೆ. ಎಂಜಿನ್ ಓಡುತ್ತಿರುವಾಗ ಜೀಪಿನ ಸ್ವಂತ ಬ್ಯಾಟರಿಯ ಕ್ಲ್ಯಾಂಪನ್ನು ಯಾವ ಕಾರಣಕ್ಕೂ ಬಿಚ್ಚಬೇಡಿ. ಮಳೆ ಎಷ್ಟೇ ಜೋರಾಗಿದ್ದರೂ ಜೀಪನ್ನು ಮುಚ್ಚಿದ ಶೆಡ್ಡಿನೊಳಗೆ ನಿಲ್ಲಿಸಿ ಓಡಿಸಬಾರದು. ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯಿಲ್ಲ, ಪಕ್ಕದ ಕೋಣೆಯಲ್ಲಿ ಮಲಗಿದವರಿಗೆ ಅದು ಬಂದದ್ದು ತಿಳಿಯುವುದೂ ಇಲ್ಲ. ಶೆಡ್ಡಿನ ಬಾಗಿಲ ಹೊರಗೆ ಸೂರಿನಡಿ ನಿಲ್ಲಿಸಿ, ಸೈಲೆನ್ಸರಿನ ಬಾಯಿ ಮನೆಯ ಕಡೆಗಿರದಂತೆ ನೋಡಿಕೊಳ್ಳಿ.